ಟೆಂಪಲ್ ಬಾರ್‌ನ ಕೆಂಪು ಪಬ್ ನೋಡಿ, ಆದರೆ ಅಲ್ಲಿಂದಲೇ ವಾಪಸ್ ಬರಬೇಡಿ

ಮಾನ್ಯರೇ,

ಪತ್ರಿಕೆಗಳ ಪ್ರವಾಸ ಪುಟದಲ್ಲಿ ಐರ್ಲೆಂಡ್ ಬಗ್ಗೆ ಲೇಖನ ಬಂದರೆ ಸಾಮಾನ್ಯವಾಗಿ ಒಂದೇ ಫೋಟೋ ಇರುತ್ತದೆ. ಬೀದಿ ಮೂಲೆಯಲ್ಲಿ ಕೆಂಪು ಬಣ್ಣದ ಕಟ್ಟಡ, ಮೈತುಂಬಾ ಹೂವಿನ ಬುಟ್ಟಿಗಳು, ಮುಂದೆ ಕಲ್ಲುಹಾಸಿನ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಡಬ್ಲಿನ್‌ನ ಟೆಂಪಲ್ ಬಾರ್ ಅನ್ನುವ ಬಡಾವಣೆಯಲ್ಲಿರುವ, ಅದೇ ಹೆಸರಿನ ದಿ ಟೆಂಪಲ್ ಬಾರ್ ಪಬ್ ಅದು. ಇಲ್ಲಿ ಕೆಲಸ ಮಾಡಿಕೊಂಡು ಸಂಸಾರದ ಜೊತೆ ಇರುವ ನಾನು, ಊರಿಂದ ಬಂದವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಲೇ ಇರುತ್ತೇನೆ. ಬಂದವರೆಲ್ಲ ಮೊದಲು ಕೇಳುವುದೇ ಅದನ್ನ. ಆ ಬಗ್ಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿ ಈ ಪತ್ರ.

ಮೊದಲಿಗೆ, ಅಲ್ಲಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಗಿ. ಲಿಫಿ ನದಿ ಮೇಲೆ 1816ರಲ್ಲಿ ಕಟ್ಟಿದ ಹಾಪೆನ್ನಿ ಸೇತುವೆ ಇದೆ, ಬಿಳಿ ಕಬ್ಬಿಣದ್ದು. ಅದನ್ನು ದಾಟಿ, ಎದುರಿಗಿರುವ ಕಮಾನಿನ ಕಿರುಗಲ್ಲಿ ನುಗ್ಗಿದರೆ ಸೀದಾ ಟೆಂಪಲ್ ಬಾರ್ ಬೀದಿಗೇ ಬರುತ್ತೀರಿ. ಪಬ್ ಒಳಗೆ ಹಗಲಿಂದಲೇ ಹಾಡು ಶುರು. ರಾತ್ರಿಯಾದರೆ ಭುಜಕ್ಕೆ ಭುಜ ತಾಗುತ್ತದೆ. ಕೌಂಟರಿನ ಮೇಲೆ ಗಿನ್ನೆಸ್ ಅನ್ನುವ ಕಪ್ಪು ಬಿಯರಿನ ಅರೆ ತುಂಬಿದ ಗ್ಲಾಸುಗಳು ಸಾಲಾಗಿ ನಿಂತಿರುತ್ತವೆ. ಅದನ್ನು ಒಂದೇ ಸಲಕ್ಕೆ ಸುರಿಯುವುದಿಲ್ಲ. ಗ್ಲಾಸು ಓರೆ ಹಿಡಿದು ಮುಕ್ಕಾಲು ತುಂಬಿಸಿ ಪಕ್ಕಕ್ಕಿಡುತ್ತಾರೆ, ಕಂದು ನೊರೆ ಗಾಜಿನ ಅಂಚಿನಲ್ಲಿ ಕೆಳಗಿಳಿಯುತ್ತಾ ಇಳಿಯುತ್ತಾ ಕಪ್ಪಾಗುತ್ತದೆ, ಆಮೇಲೆ ಉಳಿದಿದ್ದನ್ನು ತುಂಬುತ್ತಾರೆ. ಎರಡು ನಿಮಿಷ ಹಿಡಿಯುತ್ತದೆ. ನಮ್ಮವರು ಅರ್ಧ ಗ್ಲಾಸ್ ನೋಡಿ ಕೈ ಚಾಚಿಬಿಡುತ್ತಾರೆ, ಕಾಯಬೇಕು. ಇನ್ನೊಂದು, ಟೇಬಲ್ಲಿಗೆ ಯಾರೂ ಬಂದು ಆರ್ಡರ್ ಕೇಳುವುದಿಲ್ಲ. ನೀವೇ ಕೌಂಟರಿಗೆ ಹೋಗಿ ತೆಗೆದುಕೊಳ್ಳುವುದು ಇಲ್ಲಿನ ಪದ್ಧತಿ.

ದುಡ್ಡಿನ ವಿಷಯ ಮುಚ್ಚಿಡುವಂಥದ್ದೇನಲ್ಲ. ಆ ಬೀದಿಗಳಲ್ಲಿ ಒಂದು ಪಿಂಟ್‌ಗೆ, ಅಂದರೆ ಒಂದು ದೊಡ್ಡ ಗ್ಲಾಸ್ ಬಿಯರಿಗೆ, 10 ಯೂರೋ ಆಸುಪಾಸು ಆಗುತ್ತದೆ, ಊರಿನ ಬೇರೆ ಕಡೆ 6–7 ಯೂರೋಗೆ ಅದೇ ಸಿಗುತ್ತದೆ. ಇಷ್ಟು ಗೊತ್ತಿದ್ದು ಹೋದರೆ ಬೇಜಾರಾಗಲ್ಲ.

ನನ್ನ ಬೇಜಾರು ಬೇರೆಯದು. ಬಂದವರು ಗದ್ದಲದಲ್ಲಿ ಅರ್ಧ ಗಂಟೆ ನಿಂತು, ಹಾಡುವವನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಂಡು, 'ಐರಿಷ್ ಪಬ್ ನೋಡಿದ್ದಾಯ್ತು' ಅಂತ ಹೊರಟುಬಿಡುತ್ತಾರೆ. ಆ ಜಾಗ ಹೀಗೆ ಹೇಗಾಯಿತು ಅನ್ನುವುದೂ ಗೊತ್ತಾಗುವುದಿಲ್ಲ, ಐರ್ಲೆಂಡಿನ ಸಂಗೀತ ಎಲ್ಲಿ ಹೇಗೆ ನಡೆಯುತ್ತದೆ ಅನ್ನುವುದೂ ಗೊತ್ತಾಗುವುದಿಲ್ಲ. ಅಷ್ಟು ದೂರದಿಂದ ಬಂದು ಹಾಗೆ ಹೋಗಿಬಿಡುವುದು ನ್ಯಾಯ ಅಲ್ಲ.

ಟೆಂಪಲ್ ಬಾರ್ ಮೊದಲಿನಿಂದ ಹೀಗಿರಲಿಲ್ಲ. 1980ರ ದಶಕದಲ್ಲಿ ಸರ್ಕಾರಿ ಸಾರಿಗೆ ಸಂಸ್ಥೆ ಇಲ್ಲಿ ದೊಡ್ಡ ಬಸ್ ನಿಲ್ದಾಣ ಕಟ್ಟಬೇಕು ಅಂತ ಹಳೇ ಕಟ್ಟಡಗಳನ್ನು ಒಂದೊಂದಾಗಿ ಕೊಂಡುಕೊಂಡಿತ್ತು. ಹೇಗೂ ಕೆಡವುವ ಕಟ್ಟಡ ಅಲ್ವಾ, ಅಲ್ಲಿಯವರೆಗೆ ಬರಲಿ ಅಂತ ಕಡಿಮೆ ಬಾಡಿಗೆಗೆ ಕೊಟ್ಟಿತು. ಚಿತ್ರ ಬರೆಯುವವರು, ಬ್ಯಾಂಡ್ ಕಟ್ಟಿದವರು, ಹಳೇ ಬಟ್ಟೆ ಹಳೇ ರೆಕಾರ್ಡು ಮಾರುವವರು, ಸಣ್ಣ ಹೋಟೆಲಿನವರು ಎಲ್ಲ ಬಂದು ಸೇರಿಕೊಂಡರು. ಬೀದಿಗೆ ಜೀವ ಬಂತು. ಇದನ್ನು ಉಳಿಸಿ ಅಂತ ಜನ ಕೂಗೆಬ್ಬಿಸಿದರು, ನಿಲ್ದಾಣದ ಯೋಜನೆ ಬಿದ್ದುಹೋಯಿತು. 1991ರಲ್ಲಿ, ಡಬ್ಲಿನ್ ಯುರೋಪಿನ ಸಾಂಸ್ಕೃತಿಕ ನಗರವಾಗಿದ್ದ ವರ್ಷವೇ, ಈ ಬೀದಿಗಳ ಅಭಿವೃದ್ಧಿಗಾಗಿ ಒಂದು ಕಾನೂನು ಮಾಡಿ ಪ್ರತ್ಯೇಕ ಕಂಪನಿಯನ್ನೂ ಕಟ್ಟಿದರು. ಅದರಿಂದ ಒಳ್ಳೆಯದೂ ಆಯಿತು. ಯೂಸ್ಟಸ್ ಬೀದಿಯಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರ ಹಳೇ ಪ್ರಾರ್ಥನಾ ಮಂದಿರದ ಕಟ್ಟಡದಲ್ಲಿ ಸಿನಿಮಾ ಸಂಸ್ಥೆ ಇದೆ, ಅದೇ ಬೀದಿಯಲ್ಲಿ ಮಕ್ಕಳಿಗಾಗಿಯೇ 1995ರಲ್ಲಿ ತೆರೆದ ಆರ್ಕ್ ಅನ್ನುವ ಕಲಾ ಕೇಂದ್ರ ಇದೆ. ನಮ್ಮ ಮಕ್ಕಳಿಗೆ ಅಲ್ಲಿ ನಾಟಕ ತೋರಿಸಿದ್ದೇವೆ, ಬಹಳ ಚೆನ್ನಾಗಿ ನಡೆಸುತ್ತಾರೆ. ಆದರೆ ಬೀದಿಗೆ ಹೆಸರು ಬಂದ ಹಾಗೆ ಬಾಡಿಗೆ ಏರಿತು, ಪ್ರವಾಸಿಗರನ್ನು ನಂಬಿದ ಪಬ್ಬು, ಹೋಟೆಲು ಜಾಸ್ತಿ ಆದವು, ಅಗ್ಗದ ಬಾಡಿಗೆ ನೆಚ್ಚಿಕೊಂಡು ಬಂದಿದ್ದವರಿಗೆ ಅಲ್ಲಿ ಉಳಿಯುವುದು ಕಷ್ಟವಾಯಿತು. ಬೀದಿಗೆ ಹೆಸರು ತಂದುಕೊಟ್ಟವರೇ ಅವರು ಅನ್ನುವುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಂತ ಅಲ್ಲಿ ಹಾಡುವವರನ್ನು ಹಗುರವಾಗಿ ನೋಡಬಾರದು. ಗಿಟಾರು ಹಿಡಿದು ಮೈಕ್ ಮುಂದೆ ಕೂತು, ಜನ ಕೇಳಿದ ಅದದೇ ಹಾಡುಗಳನ್ನು ದಿನಾ ಹಾಡುವವರಿಗೆ ಅದು ಅನ್ನ. ಅಲ್ಲಿ ಸಂಬಳಕ್ಕೆ ನುಡಿಸಿ, ಬಿಡುವಿನ ದಿನ ಬೇರೆ ಕಡೆ ಸುಮ್ನೆ ಖುಷಿಗೆ ನುಡಿಸುವವರೂ ಇದ್ದಾರೆ.

ಆ ಬೇರೆ ಕಡೆಗೇ ನೀವು ಹೋಗಬೇಕು ಅನ್ನುವುದು ನನ್ನ ಮಾತು. ನದಿಯಾಚೆ ಸ್ಮಿತ್‌ಫೀಲ್ಡ್‌ನಲ್ಲಿ ಕಾಬಲ್‌ಸ್ಟೋನ್ ಅಂತ ಒಂದು ಪಬ್ ಇದೆ. ಹೊರಗಿಂದ ನೋಡಿದರೆ ಏನೂ ವಿಶೇಷ ಕಾಣಲ್ಲ. ಒಳಗೆ ಬಾಗಿಲ ಪಕ್ಕದ ಮೂಲೆಯಲ್ಲಿ ಸಂಗೀತಗಾರರು ಸುತ್ತ ಕೂರುತ್ತಾರೆ. ಪಿಟೀಲು, ಕೊಳಲು, ಬೌರಾನ್ ಅನ್ನುವ ಚರ್ಮದ ವಾದ್ಯ, ಅದೃಷ್ಟ ಇದ್ದರೆ ಇಲಿನ್ ಪೈಪ್. ಈ ಪೈಪನ್ನು ಬಾಯಲ್ಲಿ ಊದುವುದಿಲ್ಲ, ಕಂಕುಳ ಕೆಳಗಿನ ತಿದಿಯನ್ನು ಮೊಣಕೈಯಿಂದ ಒತ್ತಿ ಗಾಳಿ ತುಂಬುತ್ತಾರೆ. ಇದರ ವಾದನವನ್ನು 2017ರಲ್ಲಿ ಯುನೆಸ್ಕೋ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ವೇದಿಕೆ ಇಲ್ಲ, ಮೈಕ್ ಇಲ್ಲ. ನಮ್ಮೂರ ಭಜನೆಯಲ್ಲಿ ಒಬ್ಬರು ಎತ್ತಿಕೊಂಡರೆ ಉಳಿದವರು ಸೇರಿಕೊಳ್ಳುವ ಹಾಗೆ ಒಬ್ಬರು ಒಂದು ಧಾಟಿ ಶುರು ಮಾಡುತ್ತಾರೆ, ಗೊತ್ತಿದ್ದವರು ಜೊತೆಗೂಡುತ್ತಾರೆ, ಗೊತ್ತಿಲ್ಲದವರು ಕೇಳುತ್ತಾರೆ. ನಮ್ಮಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. 'ಪಬ್ಬಿಗೆ ನಾನ್ಯಾಕೋ ಬರಲಿ, ನೀವು ಹೋಗ್ಬನ್ನಿ' ಅಂದವರು, ಆಮೇಲೆ 'ಇನ್ನೊಂದು ಹಾಡು ಮುಗೀಲಿ ತಡಿಯೋ' ಅಂತ ಎದ್ದೇಳಲಿಲ್ಲ.

ಈ ಜಾಗವೂ ಹೋಗಿಬಿಡುತ್ತಿತ್ತು. 2021ರಲ್ಲಿ ಪಬ್ಬಿನ ಸುತ್ತಲೂ ಮೇಲೂ ದೊಡ್ಡ ಹೋಟೆಲ್ ಕಟ್ಟುವ ಅರ್ಜಿ ಬಂತು, ಸಂಗೀತ ಕಲಿಸುತ್ತಿದ್ದ ಹಿಂಭಾಗದ ಜಾಗ ಅದರಲ್ಲಿ ಹೋಗುವುದಿತ್ತು. ಅಕ್ಟೋಬರ್‌ನಲ್ಲಿ ಜನ ಹೆಣದ ಪೆಟ್ಟಿಗೆ ಹೊತ್ತು ವಾದ್ಯ ನುಡಿಸುತ್ತಾ ಮೆರವಣಿಗೆ ಹೊರಟರು. ನವೆಂಬರ್‌ನಲ್ಲಿ ನಗರ ಪಾಲಿಕೆ ಅನುಮತಿ ನಿರಾಕರಿಸಿತು. ಟೆಂಪಲ್ ಬಾರ್‌ನಲ್ಲಿ ಆದದ್ದು ಇಲ್ಲೂ ಆಗಬಾರದು ಅಂತ ಜನ ಪಟ್ಟು ಹಿಡಿದದ್ದರಿಂದಲೇ ಅಲ್ವಾ ಇವತ್ತು ನಾವು ಹೋಗಿ ಕೂರಲು ಒಂದು ಜಾಗ ಇರುವುದು.

ಅಮ್ಮನ ಅಳುಕು ನಮ್ಮ ಕಡೆಯ ಬಹಳ ಹೆಂಗಸರಿಗೆ, ಹಿರಿಯರಿಗೆ ಇರುತ್ತದೆ. ಮಬ್ಬು ಬೆಳಕಿನ ಬಾರ್ ಅಂಡ್ ರೆಸ್ಟೋರೆಂಟ್ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಅಜ್ಜಿಯರು ಮಧ್ಯಾಹ್ನ ಪಬ್ಬಿನಲ್ಲಿ ಚಹಾ ಕುಡಿಯುತ್ತಾ ಕೂತಿರುತ್ತಾರೆ. ಕುಡಿಯದವರು ಜ್ಯೂಸ್ ಕೇಳಬಹುದು, ಆಲ್ಕೋಹಾಲ್ ಇಲ್ಲದ ಗಿನ್ನೆಸ್ 0.0 ಕೇಳಬಹುದು, ಯಾರೂ ಹುಬ್ಬೇರಿಸಲ್ಲ. ಸಿಗರೇಟು ಹೊಗೆ ಇಲ್ಲ, 2004ರ ಮಾರ್ಚ್‌ನಿಂದ ಪಬ್ ಒಳಗೆ ಸೇದುವಂತಿಲ್ಲ. ಈ ನಿಯಮವನ್ನು ದೇಶದುದ್ದಕ್ಕೂ ತಂದ ಮೊದಲ ದೇಶ ಇದು. ಮಕ್ಕಳನ್ನೂ ಅಪ್ಪ ಅಮ್ಮನ ಜೊತೆ ರಾತ್ರಿ 9ರವರೆಗೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10ರವರೆಗೆ ಬಿಡುತ್ತಾರೆ. ಸಸ್ಯಾಹಾರಿಗಳಿಗೆ ಒಂದು ಮಾತು: ಮೊದಲು ಗಿನ್ನೆಸ್ ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಿದ್ದರು, 2018ರ ಹೊತ್ತಿಗೆ ಅದನ್ನು ಪೂರ್ತಿ ನಿಲ್ಲಿಸಿದರು.

ದಯವಿಟ್ಟು ಮುಂದಿನ ಸಲ ಡಬ್ಲಿನ್ ಲೇಖನ ಹಾಕುವಾಗ ಕೆಂಪು ಪಬ್ಬಿನ ಫೋಟೋ ಕೆಳಗೆ ಒಂದು ಸಣ್ಣ ಬಾಕ್ಸ್ ಮಾಡಿ ಇಷ್ಟು ಹಾಕಿ. ಹಾಪೆನ್ನಿ ಸೇತುವೆಯಿಂದ ಉತ್ತರಕ್ಕೆ ನಡೆದರೆ ಜೆರ್ವಿಸ್ ಸ್ಟಾಪ್, ಅಲ್ಲಿಂದ ಲುವಾಸ್ ಟ್ರಾಮಿನ ರೆಡ್ ಲೈನ್‌ನಲ್ಲಿ ಎರಡನೇ ಸ್ಟಾಪ್ ಸ್ಮಿತ್‌ಫೀಲ್ಡ್. ಸಂಜೆ ಸ್ವಲ್ಪ ಬೇಗ ಹೋಗಿ, ಕುರ್ಚಿ ಕಡಿಮೆ. ಮೂಲೆಯ ಕುರ್ಚಿ ಖಾಲಿ ಕಂಡರೂ ಕೂರಬೇಡಿ, ಅದು ನುಡಿಸುವವರದ್ದು. ನುಡಿಸುವಾಗ ಜೋರು ಮಾತು ಬೇಡ, ವಿಡಿಯೋ ಮಾಡಬೇಕಿದ್ದರೆ ಒಂದು ಮಾತು ಕೇಳಿ ಮಾಡಿ.

ಇಂತಿ,
ಡಬ್ಲಿನ್‌ನಲ್ಲಿರುವ ನಿಮ್ಮ ಓದುಗ