ಒಡೆಯಲು ದುಡ್ಡು ಸಿಗುತ್ತದೆ, ಉಳಿಸಲು ಸಿಗುವುದಿಲ್ಲ: ತುಮಕೂರು ನಗರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರಗಳು. ನಮ್ಮ ಚಿಕ್ಕಪೇಟೆಯಲ್ಲಿ ಹಳೆಯ ಮನೆಯೊಂದನ್ನು ಒಡೆಸಬೇಕೆಂದರೆ ಮನೆಯವರು ಕೈಯಿಂದ ಏನೂ ಹಾಕಬೇಕಿಲ್ಲ. ಒಡೆಯುವ ಕಂಟ್ರಾಕ್ಟರೇ ಬಂದು ತೊಲೆ, ಕಂಬ, ಬಾಗಿಲು, ಕಿಟಕಿ, ಹೆಂಚು ಎಲ್ಲಕ್ಕೂ ಬೆಲೆ ಕಟ್ಟಿ, ಮನೆಯವರಿಗೇ ದುಡ್ಡು ಎಣಿಸಿ, ಮಣ್ಣು ಸಾಗಿಸಿ ಜಾಗ ಚೊಕ್ಕ ಮಾಡಿಕೊಟ್ಟು ಹೋಗುತ್ತಾನೆ. ಅದೇ ಮನೆಯ ತಾರಸಿ ಸೋರುತ್ತಿದೆ, ಸರಿಮಾಡಿಸೋಣ ಎಂದು ಹೊರಟರೆ ಮೊದಲಿನಿಂದ ಕೊನೆಯವರೆಗೂ ಸ್ವಂತ ಜೇಬಿನಿಂದಲೇ ಹೋಗುತ್ತದೆ. ಹಳೆಯ ಮನೆಗಳ ಬಗ್ಗೆ ಜನರಿಗೆ ಅಭಿಮಾನವಿಲ್ಲ ಎಂದು ಬೇಸರ ಪಡುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಅಭಿಮಾನ ಬೇಕಾದಷ್ಟಿದೆ. ಅದರಿಂದ ಮೇಸ್ತ್ರಿಯ ಕೂಲಿ ಹುಟ್ಟುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು: ಹಳೆಯ ಮನೆಯ ರೂಪ ಕೆಡಿಸದೆ ದುರಸ್ತಿ ಮಾಡಿಸಿಕೊಂಡವರಿಗೆ ಕೆಲವು ವರ್ಷಗಳ ಮಟ್ಟಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗುವಂತೆ ಮಾಡಿ. ಇದು ಪಾಲಿಕೆಯ ಒಂದು ಠರಾವಿನಿಂದ ಮುಗಿಯುವ ಕೆಲಸವಲ್ಲ, ಕಾಯ್ದೆ ಮತ್ತು ನಿಯಮದ ಮಾತು. ಅದಕ್ಕೇ ಆಯುಕ್ತರಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

ದುರಸ್ತಿಯ ಖರ್ಚು ಎಲ್ಲಿಂದ ಬರುತ್ತದೆ ಎಂದು ನಮ್ಮ ಮನೆಯದ್ದೇ ಹೇಳುತ್ತೇನೆ. ನಮ್ಮ ಪಡಸಾಲೆಯ ಮೇಲಿರುವುದು ಮದ್ರಾಸ್ ತಾರಸಿ. ತೇಗದ ಜಂತೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ನಡುವೆ ಸುಣ್ಣದ ಗಾರೆ ತುಂಬಿ, ಮೇಲೆ ಇಟ್ಟಿಗೆ ಚೂರು-ಸುಣ್ಣ ಹಾಸಿ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ್ದು. ಬಡಿಯುವಾಗ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರಂತೆ. ಮಳೆಗಾಲದಲ್ಲಿ ಒಂದು ಮೂಲೆ ಸೋರತೊಡಗಿದಾಗ ಮೊದಲು ಬಂದ ಗಾರೆಯವರು ಮೇಲೊಂದು ಪದರ ಸಿಮೆಂಟ್ ಎಳೆದುಬಿಡೋಣ ಎಂದರು. ಸುಣ್ಣ, ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಆರಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಗಾರೆ ಪುಡಿಯಾಗಿ ಉದುರುತ್ತದೆ, ಗೋಡೆಯೊಳಗೆ ಹೊಕ್ಕಿರುವ ಜಂತೆಯ ತುದಿ ಕೊಳೆಯುತ್ತದೆ. ಪಕ್ಕದ ಬೀದಿಯಲ್ಲಿ ಹಾಗೆ ಕೆಟ್ಟ ಮನೆಯನ್ನು ಕಣ್ಣಾರೆ ಕಂಡಿದ್ದರಿಂದ ನಾವು ಒಪ್ಪಲಿಲ್ಲ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಹುಡುಕಿ ಹುಡುಕಿ ಸಿಕ್ಕರು. ವಯಸ್ಸಾದವರು, ಕೈ ಮಾತ್ರ ಇನ್ನೂ ಚುರುಕು. ಜೊತೆಗೆ ಕಲಿಯಲು ಹುಡುಗರಿಲ್ಲ. ಕೆಲಸ ಕೊಡುವವರೇ ಇಲ್ಲದ ಮೇಲೆ ಹುಡುಗರು ಯಾಕೆ ಕಲಿಯುತ್ತಾರೆ?

ಸಾಲಕ್ಕೆಂದು ಒಂದು ಬ್ಯಾಂಕಿಗೆ ಹೋದೆವು. ಒಡೆದು ಹೊಸದು ಕಟ್ಟುವುದಾದರೆ ಪ್ಲಾನ್ ತನ್ನಿ, ನೋಡೋಣ ಎಂದರು. ದುರಸ್ತಿ ಎಂದ ಕೂಡಲೇ ಮಾತು ಮುಗಿಯಿತು. ಕಾನೂನಿನ ಒಲವೂ ಅತ್ತಲೇ ಇದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಸ್ವಂತ ವಾಸಕ್ಕೆ ಮನೆ ಕಟ್ಟಲು ಅಥವಾ ಕೊಳ್ಳಲು ಸಾಲ ಮಾಡಿದರೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗಿನ ಬಡ್ಡಿಯನ್ನು ಆದಾಯದಲ್ಲಿ ಕಳೆಯಬಹುದು. ಇದ್ದ ಮನೆಯನ್ನು ದುರಸ್ತಿ ಮಾಡಿಸಲು ಸಾಲ ಮಾಡಿದರೆ ಆ ಮಿತಿ 30,000 ರೂಪಾಯಿ. ಇದು ದೆಹಲಿಯಲ್ಲಿ ಆಗಬೇಕಾದ ತಿದ್ದುಪಡಿ ಎಂದು ಗೊತ್ತು. ಸಂಸದರ ಕಿವಿಗೂ ಹಾಕಿ.

ಆಸ್ತಿ ತೆರಿಗೆ ಮಾತ್ರ ನಮ್ಮ ರಾಜ್ಯದ ಕೈಯಲ್ಲೇ ಇದೆ. ಈಗ ಅದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯ, ಅಂದರೆ ಆಸ್ತಿ ನೋಂದಣಿಗೆಂದು ಸರ್ಕಾರ ಗೊತ್ತು ಮಾಡಿದ ಬೆಲೆಯ, ಆಧಾರದ ಮೇಲೆ ಲೆಕ್ಕ ಹಾಕುತ್ತಾರೆ. ಪೇಟೆ ಬೀದಿಯಲ್ಲಿ ನೆಲದ ಬೆಲೆ ಏರಿದ ಹಾಗೆಲ್ಲ, ಬಾಡಿಗೆಯ ಹುಟ್ಟುವಳಿಯೇ ಇಲ್ಲದ ತೊಟ್ಟಿಮನೆಯ ತೆರಿಗೆಯೂ ಏರುತ್ತದೆ. ಪಿಂಚಣಿಯಲ್ಲಿ ಬದುಕುವ ಅಜ್ಜ-ಅಜ್ಜಿ ಇರುವ ಮನೆಗೂ, ಪಕ್ಕದಲ್ಲೆದ್ದ ಮಳಿಗೆ ಸಂಕೀರ್ಣಕ್ಕೂ ಕೆಳಗಿರುವ ನೆಲದ ಬೆಲೆ ಒಂದೇ. ಏಪ್ರಿಲ್‌ನಲ್ಲೇ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ ಕೊಡುವ ಪದ್ಧತಿ ನಮ್ಮಲ್ಲಿ ಆಗಲೇ ಇದೆ. ಜನ ಒಳ್ಳೆಯದೊಂದನ್ನು ಮಾಡಲಿ ಎಂದು ತೆರಿಗೆಯಲ್ಲಿ ಸ್ವಲ್ಪ ಬಿಟ್ಟುಕೊಡುವುದು ಸರ್ಕಾರಕ್ಕೆ ಹೊಸದಲ್ಲ.

ಹೊರಗೆ ನೋಡಿದರೆ ಅಮೆರಿಕ 1976ರಲ್ಲೇ ಚಾರಿತ್ರಿಕ ಕಟ್ಟಡಗಳ ದುರಸ್ತಿಗೆ ತೆರಿಗೆ ಕಾನೂನಿನಲ್ಲಿ ಉತ್ತೇಜನ ಕೊಡಲು ಶುರು ಮಾಡಿತು. ಇವತ್ತು ಅಲ್ಲಿ ಬಾಡಿಗೆ, ಅಂಗಡಿ, ಹೋಟೆಲಿನಂಥ ಆದಾಯ ತರುವ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿದರೆ ಅರ್ಹ ಖರ್ಚಿನ ಶೇ 20ರಷ್ಟನ್ನು ಮಾಲೀಕ ಕಟ್ಟಬೇಕಾದ ತೆರಿಗೆಯಿಂದಲೇ ಐದು ವರ್ಷಗಳಲ್ಲಿ ಕಳೆದುಕೊಳ್ಳುತ್ತಾನೆ. ಸ್ವಂತ ವಾಸದ ಮನೆಗಳಿಗೆ ಹಲವು ರಾಜ್ಯಗಳು ಬೇರೆಯಾಗಿ ಕೊಡುತ್ತವೆ. ಕಟ್ಟಡದ ಸ್ವರೂಪ ಕೆಟ್ಟಿಲ್ಲ ಎಂದು ಪರಿಶೀಲಿಸಿದ ಮೇಲೆಯೇ ರಿಯಾಯಿತಿ. ಐದು ವರ್ಷದೊಳಗೆ ಮಾರಿಬಿಟ್ಟರೆ ಒಂದು ಪಾಲು ಹಿಂದಿರುಗಿಸಬೇಕು. ಸುಳ್ಳು ಬಿಲ್ಲು ತಂದವರಿಗೆಲ್ಲ ರಿಯಾಯಿತಿ ಕೊಟ್ಟು ಪಾಲಿಕೆಯ ಖಜಾನೆ ಬರಿದಾಗುತ್ತದೆ ಎನ್ನುವವರಿಗೆ ಈ ಎರಡು ಷರತ್ತುಗಳಲ್ಲೇ ಉತ್ತರವಿದೆ.

ಶಿರಾದ ಮಲಿಕ್ ರೆಹಾನ್ ದರ್ಗಾವನ್ನು, ಮಧುಗಿರಿಯ ಕೋಟೆಯನ್ನು ನೋಡಿಕೊಳ್ಳಲು ಕೇಂದ್ರದ ಪುರಾತತ್ವ ಇಲಾಖೆಯಿದೆ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ಅವರ ಹೆಸರಿನ ಬಲದಿಂದ ಉಳಿದಿದೆ, ಉಳಿಯಲೇಬೇಕು. ಆದರೆ ಪೇಟೆಯ ಮನೆಗಳಲ್ಲಿ ಬಾಳಿದವರು ಅಡಿಕೆ, ಬೆಲ್ಲ, ಜವಳಿ ವ್ಯಾಪಾರದವರು, ಮೇಷ್ಟ್ರುಗಳು, ಗುಮಾಸ್ತರು. ಮುಂದೆ ಅಂಗಡಿ, ಹಿಂದೆ ಸಂಸಾರ, ನಡುವೆ ಬೆಳಕು ಬೀಳುವ ತೊಟ್ಟಿ. ತುಮಕೂರು ಹೇಗೆ ಬದುಕಿತು ಎಂದು ತೋರಿಸುವುದು ಈ ಮನೆಗಳೇ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರಿನಲ್ಲಿ ಈ ಬೀದಿಗಳಿಗೂ ಒಂದು ಯೋಜನೆ ಇರಬೇಕೆಂದು ಆಸೆಪಡುವುದು ಅತಿಯಾಸೆಯಲ್ಲ.

ಕಾನೂನಿನ ಅಡಿಪಾಯವನ್ನು ಹೊಸದಾಗಿ ಹಾಕಬೇಕಾಗಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯಾನವಿದೆ, ಯೋಜನಾ ಪ್ರಾಧಿಕಾರ ಅಂಥ ಕಟ್ಟಡವನ್ನು ಘೋಷಿಸಬಹುದು. ನಮ್ಮ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ (ಟೂಡಾ) ಅದನ್ನು ಕೈಗೆತ್ತಿಕೊಳ್ಳಲಿ. ಆದರೆ ಒಂದು ಎಚ್ಚರಿಕೆ ಬೇಕು. 'ಪಾರಂಪರಿಕ' ಎಂದ ಕೂಡಲೇ ಮನೆಯವರ ಎದೆ ಝಲ್ಲೆನ್ನುತ್ತದೆ. ನಾಳೆ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಬೇಕು, ಮಾರಲು ಆಗುವುದಿಲ್ಲ, ಅಣ್ಣತಮ್ಮಂದಿರ ವಿಭಾಗಕ್ಕೂ ಅಡ್ಡಿಯಾಗುತ್ತದೆ ಎಂಬ ಭಯ. ಪಟ್ಟಿ ಬರುವ ಮೊದಲೇ ರಾತ್ರೋರಾತ್ರಿ ಒಡೆಸಿಬಿಡುವವರೂ ಇರುತ್ತಾರೆ. ಆದ್ದರಿಂದ ಮೊದಲು ನಿಷೇಧ ಬೇಡ, ರಿಯಾಯಿತಿ ಬರಲಿ. ಇಷ್ಟವಿದ್ದವರು ತಾವಾಗಿ ಹೆಸರು ಕೊಡಲಿ. ಪಾಲಿಕೆಯ ಹಳೆಯ ಕಂದಾಯದ ದಾಖಲೆಯಿಂದ ಮನೆಯ ವಯಸ್ಸು ನೋಡಿ, ಕೆಲಸಕ್ಕೆ ಮುಂಚೆ ಮತ್ತು ನಂತರ ಎಂಜಿನಿಯರ್ ಒಬ್ಬರು ಬಂದು ಫೋಟೊ ತೆಗೆದು ವರದಿ ಕೊಟ್ಟರೆ ಸಾಕು.

ಇದು ಬರೀ ಅಂದದ ಮಾತೂ ಅಲ್ಲ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಹೊತ್ತಿಗೆ ಸರಿಯಾಗಿ ದುರಸ್ತಿ ಕಾಣದ ಹಳೆಯ ಕಟ್ಟಡ ಬೀದಿಯಲ್ಲಿ ಹೋಗುವವರಿಗೂ ಅಪಾಯ. ನಮ್ಮ ಕಿರಿದಾದ ಗಲ್ಲಿಗಳಲ್ಲಿ ಮಕ್ಕಳು ಶಾಲೆಗೆ ಹೋಗುವುದು ಇಂಥ ಗೋಡೆಗಳ ಪಕ್ಕದಲ್ಲೇ.

ಮುಂದಿನ ಅಧಿವೇಶನದಲ್ಲಿ ತಾವು ನಗರಾಭಿವೃದ್ಧಿ ಸಚಿವರನ್ನು ಎರಡು ಪ್ರಶ್ನೆ ಕೇಳಬೇಕೆಂದು ವಿನಂತಿ. ಬೆಂಗಳೂರು, ಮೈಸೂರು ಬಿಟ್ಟು ಉಳಿದ ನಗರಗಳಲ್ಲಿ ಈವರೆಗೆ ಎಷ್ಟು ಖಾಸಗಿ ಮನೆಗಳನ್ನು ಪಾರಂಪರಿಕ ಕಟ್ಟಡಗಳೆಂದು ಘೋಷಿಸಲಾಗಿದೆ? ಅವುಗಳ ದುರಸ್ತಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಪ್ರಸ್ತಾವ ಸರ್ಕಾರದ ಮುಂದಿದೆಯೇ, ಇಲ್ಲವಾದರೆ ಯಾವಾಗ ಬರುತ್ತದೆ? ಉತ್ತರ ಲಿಖಿತವಾಗಿ ಬಂದರೂ ಸಾಕು. ಅದನ್ನು ಹಿಡಿದುಕೊಂಡು ಟೂಡಾ ಮತ್ತು ಪಾಲಿಕೆಗೆ ಓಡಾಡುವ ಕೆಲಸವನ್ನು ನಾವು, ಪೇಟೆಯ ಮನೆಗಳವರು, ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಚಿಕ್ಕಪೇಟೆಯ ನಿವಾಸಿ, ತುಮಕೂರು