ನಿನ್ನ ಮರದಜ್ಜ ಅಲ್ಲೇ ಇರಬೇಕಾ?

ಲಂಡನ್, ಭಾನುವಾರ

ಗೆಳೆಯಾ,

ನಿನ್ನ ಮೆಸೇಜು ನೋಡಿ ಖುಷಿಯಾಯಿತು. ಹಿಂದೆಯೇ ಸ್ವಲ್ಪ ದಿಗಿಲೂ ಆಯಿತು. ಬಿದ್ದ ಮಳೆಮರದ ಬೊಡ್ಡೆಯಲ್ಲಿ ನೀನು ಕೆತ್ತಿದ ಅಜ್ಜನಿಗೆ ಪಾರ್ಕಿನಲ್ಲಿ ಜಾಗ ಕೊಟ್ಟಿದ್ದು ಮೂರೇ ತಿಂಗಳಿಗೆ. ಈಗ ಬಡಾವಣೆಯವರೆಲ್ಲ ಸಹಿ ಹಾಕಿ ‘ಇಲ್ಲೇ ಇರಲಿ’ ಅಂತ ಅರ್ಜಿ ಕೊಟ್ಟಿದ್ದಾರೆ ಅನ್ನುತ್ತೀಯ. ವಾಕಿಂಗಿಗೆ ಬಂದವರು ಅಜ್ಜನ ಪಕ್ಕ ಚಪ್ಪಲಿ ಬಿಟ್ಟು ಯೋಗ ಮಾಡುತ್ತಾರಂತೆ. ಮಕ್ಕಳು ತೊಡೆ ಹತ್ತಿ ಹತ್ತಿ ಮಂಡಿಗೆ ಹೊಳಪು ಬಂದಿದೆಯಂತೆ. ಇಂಥ ಮರ್ಯಾದೆ ಯಾರಿಗೆ ಬೇಡ ಹೇಳು! ಆದರೆ ‘ಹೂಂ ಅಂದುಬಿಡಲಾ?’ ಅಂತ ಕೇಳಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳೋಕೆ ಆಗಲಿಲ್ಲ.

ಇವತ್ತು ಬೆಳಿಗ್ಗೆ ಕೆನ್ಸಿಂಗ್ಟನ್ ಗಾರ್ಡನ್ಸ್‌ಗೆ ಹೋಗಿದ್ದೆ. ಅಲ್ಲಿ ಲಾಂಗ್ ವಾಟರ್ ಅಂತ ಒಂದು ಉದ್ದನೆಯ ಕೆರೆ ಇದೆ. ಅದರ ದಡದಲ್ಲಿ ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಮಾಡಿದ ಕಲ್ಲಿನ ಕಮಾನು ನಿಂತಿದೆ. ಹೆಸರೂ ಅಷ್ಟೇ, ‘ದಿ ಆರ್ಚ್’. 6 ಮೀಟರ್ ಎತ್ತರ, ಮಾಸಲು ಬಿಳಿ. ದೂರದಿಂದ ನೋಡಿದರೆ ಯಾವುದೋ ಭಾರೀ ಪ್ರಾಣಿಯ ಸೊಂಟದ ಮೂಳೆ ಎದ್ದು ಬಂದು ನೀರಿನ ಹತ್ತಿರ ನಿಂತ ಹಾಗಿದೆ. ಈಚೆ ದಡದಲ್ಲಿ ಸುಮ್ನೆ ಕೂತೆ. ಗಾಳಿ ನಿಂತಾಗ ಕಮಾನು ನೀರಿನಲ್ಲಿ ತಲೆಕೆಳಗಾಗಿ ಮೂಡುತ್ತದೆ. ಒಂದು ಬಾತುಕೋಳಿ ಹಾದುಹೋದರೆ ಸಾಕು, ಮುರಿದುಹೋಗುತ್ತದೆ.

ಇದರ ಕಥೆ ನಿನ್ನ ಅಜ್ಜನ ಕಥೆಯ ಹಾಗೇ ಶುರುವಾಗಿದ್ದು. 1978ರಲ್ಲಿ ಮೂರ್‌ಗೆ 80 ತುಂಬಿತು. ಇದೇ ಪಾರ್ಕಿನಲ್ಲಿರುವ ಸರ್ಪೆಂಟೈನ್ ಗ್ಯಾಲರಿಯವರು ಆ ನೆಪದಲ್ಲಿ ಒಂದು ಪ್ರದರ್ಶನ ಮಾಡಿದರು. ಆಗ ಇಲ್ಲಿ ಇಟ್ಟಿದ್ದು ಫೈಬರ್‌ಗ್ಲಾಸಿನ ಕಮಾನು, ಮುಗಿದ ಮೇಲೆ ಎತ್ತಿಕೊಂಡು ಹೋಗುವಂಥದ್ದು. ಆಮೇಲೆ ಮೂರ್ ಅದನ್ನೇ ಟ್ರಾವರ್ಟೈನ್ ಕಲ್ಲಿನಲ್ಲಿ ಮಾಡಿಸಿ, 1980ರಲ್ಲಿ ದೇಶಕ್ಕೆ ಉಡುಗೊರೆ ಕೊಟ್ಟ. ಇಟಲಿಯ ಗಣಿಯಿಂದ ಬಂದ 7 ಕಲ್ಲು, ಒಟ್ಟು 37 ಟನ್. ಇದನ್ನು ಗಮನಿಸು: ತಾತ್ಕಾಲಿಕ ಅಂತ ಇಟ್ಟಿದ್ದನ್ನೇ ಅಲ್ಲಿ ಉಳಿಸಲಿಲ್ಲ. ಉಳಿಯಬೇಕು ಅಂತಲೇ ಬೇರೊಂದನ್ನು ಮಾಡಿದರು.

ಅದೂ ನಿಲ್ಲಲಿಲ್ಲ ಕಣೋ. 1996ರ ಹೊತ್ತಿಗೆ ಭದ್ರವಾಗಿಲ್ಲ ಅಂತ ಗೊತ್ತಾಗಿ ಕಳಚಿ ಇಳಿಸಿದರು. ಆಮೇಲೆ ಕಲ್ಲುಗಳು ಗೋದಾಮಿನಲ್ಲಿ. ಇಂಪೀರಿಯಲ್ ಕಾಲೇಜಿನ ಎಂಜಿನಿಯರುಗಳು ಒಂದೊಂದು ಕಲ್ಲನ್ನೂ ಸ್ಕ್ಯಾನ್ ಮಾಡಿ, ಯಾವುದರ ಭಾರ ಯಾವುದರ ಮೇಲೆ ಎಷ್ಟು ಬೀಳುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಮೇಲೆ, 2012ರಲ್ಲಿ ಮತ್ತೆ ಎದ್ದು ನಿಂತಿತು. ನಿಂತಿದ್ದು 16 ವರ್ಷ, ಮಲಗಿದ್ದೂ 16 ವರ್ಷ. ಮೂರ್ 1986ರಲ್ಲೇ ತೀರಿಕೊಂಡಿದ್ದ, ಇದೊಂದನ್ನೂ ನೋಡಲಿಲ್ಲ.

ಕೆನಡಾದ ವ್ಯಾಂಕೂವರ್‌ನಲ್ಲಿ ಕಡಲ ಪಕ್ಕದ ಮಾರ್ಟನ್ ಪಾರ್ಕಿನಲ್ಲಿ 14 ಕಂಚಿನ ಗಂಡಸರು ಬಾಯ್ತುಂಬ ನಗುತ್ತಾ ನಿಂತಿದ್ದಾರೆ. ಚೀನಾದ ಯುವೆ ಮಿಂಜುನ್ ಮಾಡಿದ್ದು. 2009ರಲ್ಲಿ ಒಂದು ಕಲಾ ಉತ್ಸವಕ್ಕೆ ಅಂತ ಬಂದವರು. ಊರಿನವರು ಬಿಡಲಿಲ್ಲ. 2012ರಲ್ಲಿ ಚಿಪ್ ವಿಲ್ಸನ್ ಅನ್ನುವ ಸಿರಿವಂತ ದಂಪತಿ 15 ಲಕ್ಷ ಡಾಲರ್ ಕೊಟ್ಟ ಮೇಲೆ ಅಲ್ಲೇ ಉಳಿದರು. ನಿಮ್ಮ ಬಡಾವಣೆಯಲ್ಲಿ ಅಂಥ ಧಣಿ ಯಾರಾದರೂ ಇದ್ದರೆ ನನ್ನ ಪತ್ರ ಇಲ್ಲಿಗೇ ನಿಲ್ಲಿಸು.

ಕಲಾವಿದ ದಂಪತಿ ಕ್ರಿಸ್ಟೊ ಮತ್ತು ಜೀನ್‌-ಕ್ಲೋಡ್ ಮಾತ್ರ ಉಳಿಸುವ ಈ ತಂಟೆಯೇ ಬೇಡ ಅಂದವರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 7,503 ಬಾಗಿಲ ಚೌಕಟ್ಟು ನಿಲ್ಲಿಸಿ ಕೇಸರಿ ಬಟ್ಟೆ ಇಳಿಬಿಟ್ಟರು. ಮೊದಲು ಊರು ಒಪ್ಪಿರಲಿಲ್ಲ, 1981ರಲ್ಲೇ ಬೇಡ ಅಂದಿತ್ತು. ಕೊನೆಗೆ 2005ರ ಫೆಬ್ರುವರಿಯಲ್ಲಿ ಆಗಿದ್ದು 16 ದಿನಕ್ಕೆ. (ನೋಡು, ಇಲ್ಲೂ 16!) 17ನೇ ದಿನಕ್ಕೆ ಯಾರು ಬೇಡಿಕೊಂಡರೂ ಇಲ್ಲ. ನಾವು ಗಣಪತಿ ಕೂರಿಸುವಾಗಲೇ ಬಿಡುವ ದಿನ ಹೇಳಿಬಿಡುತ್ತೇವಲ್ಲ, ಹಾಗೆ.

ನಮ್ಮ ಹಾಸ್ಟೆಲಿನ ಕುದುರೆ ನೆನಪಿದೆಯಾ? ಕಾಲೇಜಿನ ಹಬ್ಬಕ್ಕೆ ಅಂತ ಪ್ಲಾಸ್ಟರಿನಲ್ಲಿ ಮಾಡಿದ್ದು, ಮೂರು ದಿನಕ್ಕೆ. ‘ಚೆನ್ನಾಗಿದೆ, ಇರಲಿ ಬಿಡಿ’ ಅಂದರು. ಅವತ್ತು ನಮಗೆ ಕೋಡು ಮೂಡಿತ್ತು. ಮೊದಲ ಮಳೆಗಾಲಕ್ಕೆ ಕಿವಿ ಹೋಯಿತು. ಎರಡನೇದಕ್ಕೆ ಹೊಟ್ಟೆ ಒಡೆದು ತುಕ್ಕು ಹಿಡಿದ ಕಂಬಿ, ಗೋಣಿಚೀಲ ಹೊರಗೆ ಬಂತು. ಆಮೇಲೆ ಅದಕ್ಕೆ ಸೈಕಲ್ ಒರಗಿಸುತ್ತಿದ್ದರು. ಅದರ ಮುಂದೆ ಹೋಗುವಾಗ ನೀನು ಆ ಕಡೆ ನೋಡುತ್ತಲೇ ಇರಲಿಲ್ಲ. ‘ಇರಲಿ’ ಅಂದವರು ಒಬ್ಬರೂ ಆಮೇಲೆ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಶಾಶ್ವತ ಅನ್ನುವ ಮಾತಿಗೆ ಒಪ್ಪಬೇಡ. ಮೂರು ವರ್ಷ ಅನ್ನು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆ ಬಳಿಯುವವರು ಯಾರು, ಅದರ ದುಡ್ಡು ಯಾರದ್ದು ಅಂತ ಅರ್ಜಿ ಕೊಟ್ಟವರ ಕೈಲೇ ಬರೆಸಿಕೋ. ನೂರು ಸಹಿ ಇದ್ದರೆ ಎಣ್ಣೆ ಬಳಿಯೋಕೆ ನಾಲ್ಕು ಕೈ ಸಿಗಬೇಕಲ್ವಾ? ಕೆಟ್ಟ ದಿನ ಇಳಿಸುವ ಹಕ್ಕು ನಿನ್ನದೇ ಅಂತಲೂ ಇರಲಿ. ಬೊಡ್ಡೆ ನೇರ ಮಣ್ಣಿನ ಮೇಲೆ ಕೂತಿದ್ದರೆ ಮೊದಲು ಎತ್ತಿಸಿ ಸೈಜುಗಲ್ಲಿನ ಮೇಲೆ ಕೂರಿಸು. ಮರ ಲಡ್ಡಾಗುವುದು ಮಣ್ಣು ಮುಟ್ಟುವ ಜಾಗದಲ್ಲೇ, ಗೆದ್ದಲು ಹತ್ತುವುದೂ ಅಲ್ಲಿಂದಲೇ. ಆಮೇಲೆ ಅಜ್ಜನ ಮಡಿಲು. ಫೋಟೊದಲ್ಲಿ ನೋಡಿದರೆ ಬಟ್ಟಲ ಹಾಗೆ ತಗ್ಗಾಗಿದೆ, ಮಳೆನೀರು ನಿಲ್ಲುವುದು ಖಂಡಿತ. ಹಿಂದಕ್ಕೆ ಇಳಿಯುವ ಹಾಗೆ ಒಂದು ತೂತು ಕೊರೆದುಬಿಡು.

ಗೆದ್ದಲಿಗೆ ಗೇರೆಣ್ಣೆ ಬಳಿಯುತ್ತೇನೆ ಅಂತ ಬರೆದಿದ್ದೀಯ. ನಿಮ್ಮ ಮನೆ ಜಂತೆಗೆ ಅದು ಸರಿ. ಅಜ್ಜನ ತೊಡೆಗೆ ಬೇಡ ಮಾರಾಯ, ಮಕ್ಕಳ ಮೈಗೆ ತಾಗಿದರೆ ಬೊಬ್ಬೆ ಎದ್ದೀತು. ಬಳಿಯಲೇಬೇಕು ಅಂದರೆ ತಳಕ್ಕೆ ಮಾತ್ರ.

ಮುಖದ ಫೋಟೊ ಜಾಸ್ತಿಯೇ ಕಳಿಸಿದ್ದೀಯ. ಈ ಸಲ ಬುಡದ್ದು ಕಳಿಸು, ಜೋರು ಮಳೆ ಬಂದ ಮಾರನೇ ದಿನದ್ದು.

ಇಂತಿ,
ನಿನ್ನ ಕುದುರೆಗೆ ಬಾಲ ಅಂಟಿಸಿದವನು