ಬೆಲೆ ಮುಚ್ಚಿಡಲು ಬಾರದ ಮನುಷ್ಯ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು "ನಾನು ಶುದ್ಧ ಪೆದ್ದ ಕಣೋ, ನಂಬಿ ಕೆಟ್ಟೆ" ಅಂದಾಗ ಏನು ಹೇಳಬೇಕೋ ತೋಚಲಿಲ್ಲ. ಮೂರು ವರ್ಷ ನಿನ್ನ ಪಾಲುದಾರ ಲೆಕ್ಕದ ಪುಸ್ತಕ ತೋರಿಸಲಿಲ್ಲ. ನೀನೂ ಕೇಳಲಿಲ್ಲ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ ಅಂತ ನಿನಗೇ ಗೊತ್ತು. ಆದರೆ ಫೋನ್ ಇಟ್ಟ ಮೇಲೆ ಒಬ್ಬ ಮನುಷ್ಯ ತಲೆಯಲ್ಲಿ ಕೂತುಬಿಟ್ಟ. ಯೂಲಿಸಿಸ್ ಗ್ರಾಂಟ್. ಅಮೆರಿಕದ ಅಂತರ್ಯುದ್ಧ ಗೆದ್ದ ಜನರಲ್, ಆಮೇಲೆ ಅಲ್ಲಿನ 18ನೇ ಅಧ್ಯಕ್ಷ. 50 ಡಾಲರ್ ನೋಟಿನ ಮೇಲೆ ಗಡ್ಡದ ಆಸಾಮಿ ಇದ್ದಾನಲ್ಲ, ಅವನೇ.

ಚಿಕ್ಕವರಿದ್ದಾಗ ನಿಮ್ಮಪ್ಪ ನಮ್ಮನ್ನು ಘಾಟಿ ದನದ ಜಾತ್ರೆಗೆ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ದಲ್ಲಾಳಿ ಟವೆಲ್ ಕೆಳಗೆ ಕೈ ತೂರಿಸಿ, ಬೆರಳು ಹಿಡಿದೇ ವ್ಯಾಪಾರ ಮುಗಿಸಿದ. ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗಬಾರದು. ಗ್ರಾಂಟ್ ಎಂಟು ವರ್ಷದವನಿದ್ದಾಗ ಓಹಾಯೋದ ತನ್ನೂರಲ್ಲಿ ಒಂದು ಕುದುರೆ ಮರಿಯ ಮೇಲೆ ಆಸೆಪಟ್ಟ. ಮಾಲೀಕ 25 ಡಾಲರ್ ಅಂದಿದ್ದ. ಹುಡುಗ ಹೋಗಿ ಹೇಳಿದ್ದು ಇಷ್ಟು: "ಅಪ್ಪ ಮೊದಲು 20 ಕೇಳು ಅಂದಿದ್ದಾರೆ. ಒಪ್ಪದಿದ್ದರೆ ಇಪ್ಪತ್ತೆರಡೂವರೆ. ಅದಕ್ಕೂ ಒಪ್ಪದಿದ್ದರೆ 25 ಕೊಡು ಅಂದಿದ್ದಾರೆ." ಎಷ್ಟಕ್ಕೆ ಕುದುರಿತು ಅಂತ ಬೇರೆ ಹೇಳಬೇಕಾ? ಊರ ಹುಡುಗರು ಎಷ್ಟೋ ಕಾಲ ಇದನ್ನೇ ಹಿಡಿದು ಗೇಲಿ ಮಾಡಿದರು.

ಆ ಟವೆಲ್ ಕೆಳಗಿನ ವ್ಯಾಪಾರವನ್ನು ಅವನು ಸಾಯುವವರೆಗೂ ಕಲಿಯಲಿಲ್ಲ.

ಅಪ್ಪನದು ಚರ್ಮ ಹದ ಮಾಡುವ ಕೆಲಸ. ಮಗನಿಗೆ ಆ ವಾಸನೆ ಕಂಡರಾಗದು. ಮಾಂಸ ಕೂಡ ಕರಕಲಾಗುವವರೆಗೆ ಬೇಯಿಸಿದರಷ್ಟೇ ತಿನ್ನುತ್ತಿದ್ದ, ರಕ್ತ ಕಾಣಬಾರದು. ಇಂಥವನು ಸೇನಾಪತಿಯಾದ ನೋಡು. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಅಪ್ಪನ ಬಲವಂತಕ್ಕೆ ಸೇರಿದ. ಶಿಫಾರಸು ಪತ್ರದಲ್ಲಿ ಹೆಸರು ತಪ್ಪಾಗಿ ಬಿದ್ದು ಹೈರಮ್ ಯೂಲಿಸಿಸ್ ಹೋಗಿ ಯೂಲಿಸಿಸ್ ಎಸ್. ಆಯಿತು. ಆ 'ಎಸ್'ಗೆ ಅರ್ಥವೇ ಇಲ್ಲ. 1843ರಲ್ಲಿ 39 ಜನರಲ್ಲಿ 21ನೆಯವನಾಗಿ ಹೊರಬಿದ್ದ. ಕುದುರೆ ಸವಾರಿಯೊಂದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ.

ಮೆಕ್ಸಿಕೋ ಯುದ್ಧ ಮುಗಿಸಿ, 1854ರಲ್ಲಿ ಸೈನ್ಯ ಬಿಟ್ಟ. ಕುಡಿತದ ಮಾತು ಅಂದಿನಿಂದ ಅವನ ಬೆನ್ನು ಬಿಡಲಿಲ್ಲ. ಸೇಂಟ್ ಲೂಯಿಸ್ ಹತ್ತಿರ ಹೆಂಡತಿ ಜೂಲಿಯಾಳ ಕಡೆಯ ಜಮೀನಿನಲ್ಲಿ ಕೈಯಾರೆ ಮರದ ದಿಮ್ಮಿಯ ಮನೆ ಕಟ್ಟಿದ. ಬೇಸಾಯ ಕೈಹಿಡಿಯಲಿಲ್ಲ. ಸೌದೆ ಗಾಡಿ ಹೊಡೆದುಕೊಂಡು ಹೋಗಿ ಪೇಟೆಯ ಬೀದಿಯಲ್ಲಿ ಮಾರಿದ. 1857ರ ಡಿಸೆಂಬರ್ 23, ಕ್ರಿಸ್‌ಮಸ್‌ಗೆ ಎರಡೇ ದಿನ. ಚಿನ್ನದ ಗಡಿಯಾರ ಗಿರವಿ ಇಟ್ಟು 22 ಡಾಲರ್ ತಂದ. ಅಂಥ ಕಷ್ಟದ ದಿನಗಳಲ್ಲೇ, 1859ರಲ್ಲಿ, ತನ್ನ ಹೆಸರಿನಲ್ಲಿದ್ದ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಿದ. ಮಾರಿದ್ದರೆ ನೂರಾರು ಡಾಲರ್ ಬರುತ್ತಿತ್ತು. ಗುಲಾಮನನ್ನು ಇಟ್ಟುಕೊಂಡಿದ್ದನಲ್ಲ ಅನ್ನುವುದೂ ಅಷ್ಟೇ ನಿಜ. ಕೊನೆಗೆ ಇಲಿನಾಯ್ ರಾಜ್ಯದ ಗಲೀನಾ ಊರಿನಲ್ಲಿ ಅಪ್ಪನ ಚರ್ಮದ ಅಂಗಡಿಯಲ್ಲಿ ತಮ್ಮಂದಿರ ಜೊತೆ ಗುಮಾಸ್ತನಾಗಿ ಕೂತ. ಯಾವ ವಾಸನೆ ಬೇಡವೆಂದು ಓಡಿದ್ದನೋ ಅಲ್ಲಿಗೇ ಬಂದ. 1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದಾಗ ಅವನಿಗೆ 38.

ಇಲ್ಲಿಂದ ಭಾಷಣ ಶುರು ಮಾಡ್ತೀನಿ ಅಂದ್ಕೋಬೇಡ. ಯುದ್ಧದ ಕತೆ ಬೇಗ ಮುಗಿಸುತ್ತೇನೆ. ಉತ್ತರದವರ ಪರ ಡೊನೆಲ್ಸನ್ ಕೋಟೆ, ವಿಕ್ಸ್‌ಬರ್ಗ್ ಪಟ್ಟಣ ಗೆದ್ದ, 1864ರಲ್ಲಿ ಅವರ ಇಡೀ ಸೈನ್ಯದ ಹೊಣೆ ಹೊತ್ತ. ಕೋಲ್ಡ್ ಹಾರ್ಬರ್ ಕಾಳಗದ ಕೊನೆಯ ದಾಳಿಗೆ ಯಾವತ್ತೂ ಪಶ್ಚಾತ್ತಾಪವಿದೆ, ಅಷ್ಟು ಜನರನ್ನು ಕಳಕೊಂಡರೂ ಏನೂ ದಕ್ಕಲಿಲ್ಲ ಅಂತ ಆಮೇಲೆ ತಾನೇ ಬರೆದುಕೊಂಡ. ನನಗೆ ಇಷ್ಟವಾಗುವುದು 1865ರ ಏಪ್ರಿಲ್ 9ರ ಆ ಮಧ್ಯಾಹ್ನ, ಅಪೊಮ್ಯಾಟಕ್ಸ್‌ನ ಒಂದು ಮನೆಯ ಪಡಸಾಲೆ. ಸೋತ ದಕ್ಷಿಣದವರ ಸೇನಾಪತಿ ಲೀ ಗರಿಗರಿ ಸಮವಸ್ತ್ರದಲ್ಲಿ, ಸೊಂಟಕ್ಕೆ ಕತ್ತಿ ಕಟ್ಟಿ ಬಂದಿದ್ದ. ಗೆದ್ದವನ ಮೈಮೇಲೆ ಸಾಮಾನ್ಯ ಸಿಪಾಯಿಯ ಕೋಟು, ಬೂಟಿಗೆಲ್ಲ ಕೆಸರು. ಗ್ರಾಂಟ್ ಹಳೆಯ ಮೆಕ್ಸಿಕೋ ದಿನಗಳ ಹರಟೆಗೆ ಇಳಿದುಬಿಟ್ಟ. ಬಂದ ಕೆಲಸವನ್ನು ಲೀಯೇ ನೆನಪಿಸಬೇಕಾಯಿತು. ನಮ್ಮ ಸೈನಿಕರ ಕುದುರೆಗಳು ಅವರವರ ಸ್ವಂತದ್ದು ಅಂದ ಲೀ. ವಸಂತದ ಉಳುಮೆಗೆ ಬೇಕಾಗುತ್ತದೆ, ಮನೆಗೆ ಹೊಡೆದುಕೊಂಡು ಹೋಗಲಿ ಅಂದ ಗ್ರಾಂಟ್. ಹಸಿದಿದ್ದ ಶತ್ರು ಪಡೆಗೆ 25,000 ಜನರ ರೇಷನ್ ಕಳಿಸಿದ. ತನ್ನ ಕಡೆಯವರು ವಿಜಯದ ತೋಪು ಹಾರಿಸತೊಡಗಿದಾಗ ನಿಲ್ಲಿಸಿ ಅಂದ. ಕೊಡುವುದಿದ್ದರೆ ಮೊದಲೇ ಪೂರ್ತಿ ಕೊಟ್ಟುಬಿಡುವ ಅದೇ ಕುದುರೆ ಮರಿಯ ಹುಡುಗ.

1869ರಲ್ಲಿ, 46ನೇ ವಯಸ್ಸಿಗೆ, ಅಧ್ಯಕ್ಷನಾದ. ದಕ್ಷಿಣದಲ್ಲಿ ಕರಿಯರನ್ನು ಹೊಡೆದು ಕೊಲ್ಲುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಮೇಲೆ 1871ರಲ್ಲಿ ಕಾನೂನು ತಂದು, ಸೈನ್ಯ ಕಳಿಸಿ ಅದರ ಬೆನ್ನುಮೂಳೆ ಮುರಿದ. ಇದು ಸಣ್ಣ ಕೆಲಸವಲ್ಲ. ಆದರೆ ಸುತ್ತ ಕೂತವರು ದೋಚುತ್ತಿದ್ದರು. ವಿಸ್ಕಿ ತಯಾರಕರೂ ತೆರಿಗೆ ಅಧಿಕಾರಿಗಳೂ ಸೇರಿ ತೆರಿಗೆ ನುಂಗಿದ ಹಗರಣದಲ್ಲಿ ಅವನ ಕಾರ್ಯದರ್ಶಿ ಬ್ಯಾಬ್‌ಕಾಕ್ ಹೆಸರೇ ಬಂತು. ಅವನ ಪರವಾಗಿ ಅಧ್ಯಕ್ಷನೇ ಸಾಕ್ಷಿ ಹೇಳಿಕೆ ಕೊಟ್ಟ! ಇದನ್ನು ನಾನು ಮಾಫಿ ಮಾಡಲಾರೆ. ನೀನು ನಂಬಿ ಕೆಟ್ಟರೆ ನಿನ್ನ ಅಂಗಡಿ ಹೋಗುತ್ತದೆ. ಅವನು ಕಣ್ಣು ಮುಚ್ಚಿದ್ದು ದೇಶದ ತಿಜೋರಿಯ ಮುಂದೆ.

ಅಧಿಕಾರ ಮುಗಿದ ಮೇಲೆ ಲೋಕವೆಲ್ಲ ಸುತ್ತಿದ. 1879ರಲ್ಲಿ ಮುಂಬೈಗೆ ಬಂದು ತಾಜ್‌ಮಹಲನ್ನೂ ನೋಡಿ ಹೋದ.

ಈಗ ನಿನ್ನ ವಿಷಯಕ್ಕೆ ಬಂದೆ. ಮಗನ ಪಾಲುದಾರ ಫರ್ಡಿನೆಂಡ್ ವಾರ್ಡ್ ಎಂಬ ಹುಡುಗ ನ್ಯೂಯಾರ್ಕಿನಲ್ಲಿ ದುಡ್ಡಿನ ಮಾಂತ್ರಿಕನಂತೆ ಮೆರೆಯುತ್ತಿದ್ದ. ಗ್ರಾಂಟ್ ಇದ್ದಬದ್ದದ್ದೆಲ್ಲ ಅವನ ಕೈಗಿಟ್ಟ, ಕಾಗದ ಓದದೆ ಸಹಿ ಹಾಕಿದ. 1884ರ ಮೇ, ಒಂದು ಭಾನುವಾರ. ಒಂದೇ ದಿನಕ್ಕೆ ಒಂದೂವರೆ ಲಕ್ಷ ಡಾಲರ್ ಬೇಕು ಅಂದ ವಾರ್ಡ್. ಕಾಲು ಪೆಟ್ಟಾಗಿ ಊರುಗೋಲಿನಲ್ಲಿದ್ದ ಗ್ರಾಂಟ್ ಕುಂಟುತ್ತಾ ಶ್ರೀಮಂತ ವಾಂಡರ್‌ಬಿಲ್ಟ್ ಮನೆಗೆ ಹೋದ. ಕಂಪನಿಗಲ್ಲ, ನಿಮ್ಮ ಮುಖ ನೋಡಿ ಕೊಡುತ್ತೇನೆ ಅಂತ ಅವರು ಚೆಕ್ ಬರೆದರು. ಎರಡೇ ದಿನಕ್ಕೆ ಕಂಪನಿ ಮುಳುಗಿತು. ಗಂಡ ಹೆಂಡತಿ ಹತ್ತಿರ ಸೇರಿ ಉಳಿದದ್ದು ಸುಮಾರು 200 ಡಾಲರ್. ಸಾಲಕ್ಕೆ ಕತ್ತಿ, ಪದಕಗಳನ್ನೆಲ್ಲ ಬರೆದುಕೊಟ್ಟ.

ಅದೇ ಬೇಸಿಗೆಯಲ್ಲಿ ಒಂದು ಪೀಚ್ ಹಣ್ಣು ಕಚ್ಚಿದಾಗ ಗಂಟಲು ಕೊಯ್ದಂತಾಯಿತು. ಕ್ಯಾನ್ಸರ್. ಹಿಂದೆ ಡೊನೆಲ್ಸನ್ ಗೆದ್ದಾಗ ಅವನ ಕೈಯಲ್ಲಿ ಸಿಗಾರ್ ಇತ್ತು ಅಂತ ಪತ್ರಿಕೆಯಲ್ಲಿ ಬಂದು, ಜನ ಸಾವಿರಗಟ್ಟಲೆ ಸಿಗಾರ್ ಕಳಿಸಿದ್ದರು. ಪ್ರೀತಿಯಿಂದಲೇ. ಹೆಂಡತಿಗೆ ಏನೂ ಉಳಿದಿಲ್ಲವೆಂದು ಆತ್ಮಕತೆ ಬರೆಯಲು ಕೂತ. ಸಾಹಿತಿ ಮಾರ್ಕ್ ಟ್ವೇನ್ ಲಾಭದಲ್ಲಿ ನೂರಕ್ಕೆ 70 ಪಾಲು ಕೊಡುವುದಾಗಿ ಪ್ರಕಟಣೆ ಒಪ್ಪಿಕೊಂಡ. 1885ರ ಜೂನ್‌ನಲ್ಲಿ ಮೌಂಟ್ ಮೆಕ್‌ಗ್ರೆಗರ್ ಬೆಟ್ಟದ ಮೇಲೆ, ಎದುರುಬದುರು ಹಾಕಿದ ಎರಡು ಚರ್ಮದ ಕುರ್ಚಿಗಳಲ್ಲಿ ಒರಗಿ ಪೆನ್ಸಿಲಿನಲ್ಲಿ ಬರೆದ. ಮಾತು ನಿಂತಿತ್ತು. ನಾನು ಸರ್ವನಾಮವಲ್ಲ, ಕ್ರಿಯಾಪದ ಇರಬೇಕು ಅಂತ ಡಾಕ್ಟರಿಗೊಂದು ಚೀಟಿ ಬರೆದ: ಇರುವುದು, ಮಾಡುವುದು, ಅನುಭವಿಸುವುದು, ಮೂರೂ ನಾನೇ. ಪುಸ್ತಕ ಮುಗಿದ ಕೆಲವೇ ದಿನಕ್ಕೆ, ಜುಲೈ 23ರಂದು, ಹೋದ. ಜೂಲಿಯಾಗೆ ಅದರಿಂದ ನಾಲ್ಕು ಲಕ್ಷ ಡಾಲರಿಗೂ ಜಾಸ್ತಿ ಬಂತು.

ಕುದುರೆ ಮರಿಯ ಕತೆಯನ್ನು ಅವನೇ ಆ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ವಾರ್ಡ್ ಮುಂಡಾಯಿಸಿದ ಮೇಲೆ, ನುಂಗಿದ ನೀರೂ ಉರಿಯುವಾಗ, ತನ್ನ ಪೆದ್ದುತನವನ್ನು ತಾನೇ ನಗುತ್ತಾ ಬರೆದಿದ್ದಾನೆ, ಮೂರು ಬೆಲೆಗಳ ಸಮೇತ.

ಭಾನುವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಲೆಕ್ಕದ ಪುಸ್ತಕ ತೆಗೆದಿಡು, ಇಬ್ಬರೂ ಕೂತು ಓದೋಣ. ಅತ್ತಿಗೆಗೆ ಉಪ್ಪಿಟ್ಟು ಬೇಡ ಅಂತ ಹೇಳು.

ನಿನ್ನ ಗೆಳೆಯ